ರಜೆಯೂ ಪುನರಾಹ್ವಾನವೂ

ನೌಕರನೊಬ್ಬನು ಯಥಾವಿಧಿಯಾಗಿ ಅರ್ಜಿ ಬರೆದು, ಮೇಲಧಿಕಾರಿಗಳ ಮಂಜೂರಾತಿ ಪಡೆದು, ತನ್ನ ಕೆಲಸದ ಪ್ರಭಾರವನ್ನು ಸಹೋದ್ಯೋಗಿಗೆ ಒಪ್ಪಿಸಿ, ಹದಿನೈದು ದಿವಸಗಳ ರಜೆಯ ಮೇಲೆ ಸ್ವಗ್ರಾಮಕ್ಕೆ ಹೋಗಿರುವನೆಂದು ಭಾವಿಸಬಹುದು. ಅವನ ಕಛೇರಿ ಇರುವುದು ಕಲಬುರಗಿಯಲ್ಲಿ. ಗ್ರಾಮವಿರುವುದು ತೀರ್ಥಹಳ್ಳಿಯ ಆಚೆಯ ಮಲೆನಾಡಿನಲ್ಲಿ. ವೃದ್ಧಳಾದ ತಾಯಿಯ ಕಣ್ಣಿನ ಪೊರೆ ತೆಗೆಸುವುದಕ್ಕಾಗಿ ಅವನು ಬಂದಿದ್ದಾನೆ. ಐದನೆಯ ದಿನ ಸಾಯಂಕಾಲ, ಆಕೆಯ ಕಣ್ಣಿನ ಪಟ್ಟಿಯನ್ನು ಬಿಚ್ಚಿ ಇನ್ನೂ ಒಂದು ದಿನವಾಗಿಲ್ಲ. ಕಛೇರಿಯಿಂದ ದೂರವಾಣಿಯಲ್ಲಿ ಕರೆ ಬರುತ್ತದೆ: ನಾಳೆ ಬೆಳಗ್ಗೆ ಹತ್ತೂವರೆ ಗಂಟೆಗೆ ಹಾಜರಾಗತಕ್ಕದ್ದು. ಕಾರಣವೇನೆಂಬುದನ್ನು ಹೇಳಿಲ್ಲ. ಇವನು ಹೋಗತಕ್ಕವನೋ ಅಲ್ಲವೋ? ಕರೆದವರು ಹಾಗೆ ಕರೆಯತಕ್ಕವರೋ ಅಲ್ಲವೋ? ಇವು ಎರಡು ಬೇರೆ ಬೇರೆ ಪ್ರಶ್ನೆಗಳು. ಇವೆರಡನ್ನೂ ಒಂದೇ ಎಂದು ಎಣಿಸುವುದರಿಂದಲೇ ಕಛೇರಿಗಳಲ್ಲಿಯೂ ಸಂಸಾರಗಳಲ್ಲಿಯೂ ಬಹಳ ಕಹಿಯು ಹುಟ್ಟುತ್ತಿರುವುದು.

ಮನುಸ್ಮೃತಿಯು ಎಣಿಸುವ ಹದಿನೆಂಟು ವ್ಯವಹಾರಪದಗಳಲ್ಲಿ ಕೊಟ್ಟ ವಸ್ತುವನ್ನು ಮರಳಿ ಕಿತ್ತುಕೊಳ್ಳುವುದು ಒಂದು. ಅದರ ಮಗ್ಗುಲಿನಲ್ಲಿಯೇ ಬರುವುದು ಭೃತ್ಯನಿಗೆ ವೇತನವನ್ನು ಕೊಡದಿರುವುದು. ಮಂಜೂರಾದ ರಜೆಯನ್ನು ನಡುವೆ ಕತ್ತರಿಸುವುದು ಈ ಎರಡರಲ್ಲಿ ಯಾವುದಕ್ಕೆ ಸೇರಿದ್ದೆಂಬುದು ವಿಚಾರಾರ್ಹವಾಗಿದೆ. ರಜೆಯು ಯಜಮಾನನ ಕೃಪೆಯಿಂದ ಬಂದ ದಾನವೆಂದರೆ ಅದು ಮೊದಲನೆಯದಾಗುತ್ತದೆ. ನೌಕರನು ದುಡಿದು ಗಳಿಸಿದ್ದೆಂದರೆ ಎರಡನೆಯದಾಗುತ್ತದೆ. ಸರ್ಕಾರದ ನಿಯಮಗಳು ಇಲ್ಲಿ ಒಂದು ವಿಚಿತ್ರವಾದ ಭಾಷೆಯನ್ನು ಬಳಸುತ್ತವೆ. ರಜೆಯನ್ನು ಹಕ್ಕೆಂದು ಕೇಳುವಂತಿಲ್ಲವೆಂದು ಒಂದು ಕಡೆ ಹೇಳಿ, ಅದೇ ರಜೆಗೆ ಗಳಿಕೆ ರಜೆಯೆಂದು ಇನ್ನೊಂದು ಕಡೆ ಹೆಸರಿಡುತ್ತವೆ. ಗಳಿಸಿದ್ದೂ ಹೌದು, ಹಕ್ಕಲ್ಲದ್ದೂ ಹೌದು! ಮೇಲ್ನೋಟಕ್ಕೆ ಪರಸ್ಪರ ವಿರುದ್ಧವಾಗಿ ಕಾಣುವ ಈ ಮಾತುಗಳಿಗೆ ಸಮನ್ವಯವಿಲ್ಲದಿಲ್ಲ. ರಜೆಯ ಸ್ವಾಮ್ಯವು ನೌಕರನದು. ಅದನ್ನು ಅನುಭವಿಸುವ ಕಾಲದ ನಿರ್ಣಯವು ಮಾತ್ರ ಯಜಮಾನನ ಕೈಯಲ್ಲಿರುವುದು. ಪರರಲ್ಲಿ ನ್ಯಾಸವಾಗಿಟ್ಟ ಹಣದಂತೆ ಇದು. ಇಟ್ಟುಕೊಂಡವನು ಇಂದು ಕೊಡಲಾರೆ, ನಾಳೆ ಕೊಡುವೆನೆನ್ನಬಹುದು. ಆದರೆ ತನ್ನದೇ ಹಣವನ್ನು ಕೊಡುವವನಂತೆ ಗತ್ತು ಮಾಡಲಾರನು.

ಈ ವಿಷಯದಲ್ಲಿ ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡದಲ್ಲಿ ಬರುವ ಒಂದು ಸಂದರ್ಭವು ವಿಶೇಷವಾಗಿ ಬೆಳಕು ಕೊಡುವಂತಹುದು. ಪುರಾಣಶ್ರವಣದಲ್ಲಿ ಅದನ್ನು ಬೇಗನೆ ದಾಟಿ ಹೋಗುವುದು ವಾಡಿಕೆ. ಏಕೆಂದರೆ ಕೇಳುವವರ ಮನಸ್ಸು ಆಗಲೇ ಚಿತ್ರಕೂಟದ ಕಡೆಗೆ ಓಡುತ್ತಿರುತ್ತದೆ. ದಶರಥನು ಕಾಲವಾದಾಗ ಭರತನು ಕೇಕಯ ದೇಶದಲ್ಲಿ, ಸೋದರಮಾವನ ಮನೆಯಲ್ಲಿದ್ದನು. ಅನುಜ್ಞೆ ಪಡೆದೇ ಹೋದವನು. ಇಂದಿನ ಮಾತಿನಲ್ಲಿ ಹೇಳುವುದಾದರೆ ರಜೆಯ ಮೇಲಿದ್ದವನು. ಅವನನ್ನು ಕರೆತರಲು ವಸಿಷ್ಠರು ವೇಗವಾದ ಕುದುರೆಗಳ ಮೇಲೆ ದೂತರನ್ನು ಕಳುಹಿಸಿದರು. ತಂದೆಯ ಮರಣವನ್ನಾಗಲಿ ರಾಮನ ವನವಾಸವನ್ನಾಗಲಿ ಅವನಿಗೆ ತಿಳಿಸಕೂಡದೆಂದು ಕಟ್ಟಪ್ಪಣೆ ಮಾಡಿದರು. ಆತ್ಯಯಿಕವಾದ ಕಾರ್ಯವೊಂದು ಇದೆ, ತ್ವರೆಯಾಗಿ ಬರಬೇಕು ಎಂಬಷ್ಟೇ ಸಂದೇಶ. ಭರತನು ತಂದೆಯ ಕುಶಲವನ್ನೂ ಅಣ್ಣನ ಕುಶಲವನ್ನೂ ವಿಚಾರಿಸಿದಾಗ ದೂತರು, ಯಾರ ಕುಶಲವನ್ನು ನೀನು ಬಯಸುತ್ತೀಯೋ ಅವರೆಲ್ಲರೂ ಕುಶಲವೆಂದರು. ಮಾತಾಮಹನು ಕೊಟ್ಟ ಆನೆ ಕುದುರೆಗಳ ಉಡುಗೊರೆಯಿಂದಲೂ ಅವನಿಗೆ ಸಂತೋಷವಾಗಲಿಲ್ಲ. ಅಂದಿನ ರಾತ್ರಿ ಕಂಡ ದುಃಸ್ವಪ್ನವೂ ದೂತರ ಅವಸರವೂ ಅವನ ಎದೆಯನ್ನು ಕಲಕಿದ್ದುವು. ದಾರಿಯಲ್ಲಿ ಏಳು ರಾತ್ರಿಗಳನ್ನು ಕಳೆದು ಅವನು ಅಯೋಧ್ಯೆಯನ್ನು ಕಂಡನು.

ಇಲ್ಲಿ ಕರೆದವರು ಮಾಡಿದ ಒಂದು ಕೆಲಸವು ಸರಿ, ಒಂದು ಕೆಲಸವು ಸಂದೇಹಾಸ್ಪದ. ಕಾರಣವನ್ನು ಮುಚ್ಚಿದ್ದು ಸಂದೇಹಾಸ್ಪದವಾದುದು. ಅರಾಜಕವಾದ ರಾಜ್ಯದ ಸುದ್ದಿಯು ಪರದೇಶದಲ್ಲಿ ಹರಡಬಾರದೆಂಬ ರಾಜನೀತಿ ಅದಕ್ಕಿದ್ದೀತು. ಆದರೂ ಏಳು ರಾತ್ರಿಗಳ ಆತಂಕವನ್ನು ಭರತನು ಏಕಾಕಿಯಾಗಿ ಹೊರಬೇಕಾಯಿತು. ಸರಿಯಾದುದೆಂದರೆ, ದೂತರನ್ನು ಕಳುಹಿಸುವ ಮೊದಲೇ ಅವರು ದಶರಥನ ದೇಹವನ್ನು ತೈಲದ ದ್ರೋಣಿಯಲ್ಲಿಟ್ಟು ರಕ್ಷಿಸಿದ್ದು. ಕೇಕಯಕ್ಕೆ ಎಷ್ಟು ದೂರವೆಂಬುದು ಅವರಿಗೆ ತಿಳಿದಿತ್ತು. ಬರತಕ್ಕವನಿಗೆ ದಾರಿ ಎಷ್ಟು ಕಾಲವನ್ನು ಕೇಳುವುದೋ ಅಷ್ಟು ಕಾಲವೂ ಇತ್ತ ಕಾರ್ಯವು ಕೆಡದಂತೆ ಇರಿಸುವ ಭಾರವನ್ನು ಅವರು ತಮ್ಮ ಮೇಲೆ ಹಾಕಿಕೊಂಡರು. ಇಂತಹ ದಿನ ಇಂತಹ ಗಳಿಗೆಗೆ ಬರದಿದ್ದರೆ ದೋಷವು ನಿನ್ನದೆಂದು ಹೇಳಿ ಕಳುಹಿಸಲಿಲ್ಲ. ಯುಕ್ತವಾದ ಮುನ್ಸೂಚನೆಯೆಂಬುದರ ತಿರುಳು ಇಲ್ಲಿಯೇ ಇರುವಂತೆ ತೋರುವುದು. ಅದು ಬರಿಯ ದಿನಗಳ ಎಣಿಕೆಯಲ್ಲ. ಕಾಯುವ ಕಷ್ಟದಲ್ಲಿ ಕರೆದವನೂ ತನ್ನ ಪಾಲನ್ನು ಹೊರುವುದು.

ನಮ್ಮ ದೇಶದ ನಿಯಮಗಳು ಈ ವಿಷಯದಲ್ಲಿ ಅರ್ಧ ದೂರ ಬಂದಿವೆ. ೧೯೨೨ರ ಜನವರಿಯಿಂದ ಆಚರಣೆಗೆ ಬಂದ ಮೂಲ ನಿಯಮಗಳಲ್ಲಿ, ರಜೆಯಲ್ಲಿರುವವನನ್ನು ಮರಳಿ ಕರೆಯುವ ಆಜ್ಞೆಯು ಐಚ್ಛಿಕವೋ ಕಡ್ಡಾಯವೋ ಎಂಬುದನ್ನು ಆಜ್ಞೆಯಲ್ಲಿಯೇ ಹೇಳತಕ್ಕದ್ದೆಂದು ವಿಧಿಸಿತ್ತು. ಕಡ್ಡಾಯವಾದರೆ ಅವನು ಹೊರಟ ದಿನದಿಂದಲೇ ಕರ್ತವ್ಯದಲ್ಲಿದ್ದಂತೆ ಲೆಕ್ಕ, ಪ್ರಯಾಣಭತ್ಯವೂ ಉಂಟು. ಐಚ್ಛಿಕವಾದರೆ ಯಾವ ಅನುಕೂಲವೂ ಇಲ್ಲ. ಎಂದರೆ, ಬಲವಂತಕ್ಕೆ ಬಂದವನಿಗೆ ಗಾಡಿಯ ಬಾಡಿಗೆ, ಸದ್ಭಾವದಿಂದ ಬಂದವನಿಗೆ ಸ್ವಂತ ಖರ್ಚು! ಒಳ್ಳೆಯತನಕ್ಕೆ ಇಂತಹ ದಂಡವನ್ನು ಹಾಕಿದ ನಿಯಮವು ಬಹುಕಾಲ ನಡೆದದ್ದು ಆಶ್ಚರ್ಯವೇ ಸರಿ. ೧೯೭೨ರ ಕೇಂದ್ರ ಸಿವಿಲ್ ಸೇವಾ ರಜೆ ನಿಯಮಗಳು ಇದನ್ನು ತಿದ್ದಿ, ಪುನರಾಹ್ವಾನಗಳೆಲ್ಲವನ್ನೂ ಕಡ್ಡಾಯವೆಂದೇ ಭಾವಿಸತಕ್ಕದ್ದೆಂದು ವಿಧಿಸಿದುವು. ಹೊರಟ ದಿನದಿಂದ ಕರ್ತವ್ಯವೆಂಬ ಮಾತಿನಲ್ಲಿ ಸೂಕ್ಷ್ಮವಾದ ನ್ಯಾಯವಿದೆ: ದಾರಿಯು ಕರೆದವನದು, ನಡೆಯುವವನದಲ್ಲ. ಆದರೆ ಎಷ್ಟು ದಿವಸ ಮುಂಚಿತವಾಗಿ ಕರೆಯಬೇಕೆಂಬುದನ್ನು ಮಾತ್ರ ಈ ನಿಯಮವು ಹೇಳಲಿಲ್ಲ.

ಹಿಂದಿನವರಿಗೆ ಅದನ್ನು ಹೇಳುವ ಅಗತ್ಯವು ಅಷ್ಟಾಗಿ ಕಾಣಲಿಲ್ಲವೆಂದು ಊಹಿಸಬಹುದು. ಕಾಗದವು ತಲುಪುವುದಕ್ಕೇ ಮೂರು ನಾಲ್ಕು ದಿನಗಳು ಹಿಡಿಯುತ್ತಿದ್ದ ಕಾಲದಲ್ಲಿ ದೂರವೇ ಮುನ್ಸೂಚನೆಯ ಕೆಲಸವನ್ನು ಮಾಡುತ್ತಿದ್ದಿತು. ಬರೆಯುವ ಅಧಿಕಾರಿಗೆ ಅಂಚೆಯ ದಿನಗಳನ್ನು ಎಣಿಸುವುದು ಅನಿವಾರ್ಯವಾಗಿತ್ತು. ಎಣಿಸುವಾಗ, ಇಷ್ಟು ತಡವಾದರೂ ಇವನು ಬೇಕೇ ಎಂಬ ವಿಚಾರವೂ ತಾನಾಗಿ ಬರುತ್ತಿದ್ದಿತು. ತಂತಿಯು ಬಂದ ಮೇಲೆ ಸ್ವಲ್ಪ ಅವಸರ ಹೆಚ್ಚಿತು. ಆದರೆ ತಂತಿಗೂ ಮಾತಿಗಿಷ್ಟು ಎಂದು ಹಣ ತೆರಬೇಕಾಗಿದ್ದುದರಿಂದ ಅದನ್ನು ಸುಮ್ಮನೆ ಯಾರೂ ಕಳುಹಿಸುತ್ತಿರಲಿಲ್ಲ. ತಾಯಿ ಅಸ್ವಸ್ಥ, ಕೂಡಲೇ ಹೊರಡು ಎಂಬ ತಂತಿಯನ್ನು ರಜೆ ಸಿಕ್ಕದ ನೌಕರರು ತಮಗೆ ತಾವೇ ಊರಿನಿಂದ ತರಿಸಿಕೊಳ್ಳುತ್ತಿದ್ದುದೂ ಉಂಟು. ಮೋಸವು ಒಂದೇ ಪಕ್ಷದ ಸ್ವತ್ತಲ್ಲ. ೨೦೧೩ರ ಜುಲೈ ತಿಂಗಳಲ್ಲಿ ಈ ದೇಶದಲ್ಲಿ ತಂತಿ ಸೇವೆಯು ನಿಂತಿತು. ಈಗ ಪ್ರತಿಯೊಬ್ಬನ ಜೇಬಿನಲ್ಲಿಯೂ ಇರುವ ದೂರವಾಣಿಯ ಮೂಲಕ ಆಜ್ಞೆಯು ನಿಮಿಷಮಾತ್ರದಲ್ಲಿ ತಲುಪುತ್ತದೆ. ಮನುಷ್ಯನು ಮಾತ್ರ ಅದೇ ಘಟ್ಟವನ್ನು ಹತ್ತಿ ಇಳಿದು, ಅದೇ ಹಗಲು ರಾತ್ರಿಗಳನ್ನು ಕಳೆದೇ ಬರಬೇಕು. ಮಾತು ತಲುಪಿದ ಕ್ಷಣವೇ ಮನುಷ್ಯನೂ ತಲುಪಿದನೆಂಬ ಭ್ರಾಂತಿಯು ಇಂದಿನ ಅಧಿಕಾರಿಗಳಲ್ಲಿ ಬೇರೂರಿದೆ. ಕರೆಗೆ ಉತ್ತರ ಕೊಟ್ಟವನನ್ನು ಕೈಗೆ ಸಿಕ್ಕವನೆಂದೇ ಅವರು ತಿಳಿಯುತ್ತಾರೆ.

ಇನ್ನು ಆತ್ಯಯಿಕವೆಂಬ ಶಬ್ದದ ಅರ್ಥವನ್ನು ವಿಚಾರಿಸಬೇಕು. ವಿಳಂಬದಿಂದ ಅನರ್ಥವಾಗುವ ಕಾರ್ಯವೇ ಆತ್ಯಯಿಕವು. ೨೦೧೮ರ ಆಗಸ್ಟ್ ತಿಂಗಳಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದು ಮನೆಗಳು ಮಣ್ಣಿನಲ್ಲಿ ಹೂತು ಹೋದಂತಹ ಸಮಯದಲ್ಲಿ, ವೈದ್ಯನಾಗಲಿ ವಿದ್ಯುತ್ತಿನ ಕೆಲಸಗಾರನಾಗಲಿ ತನಗೆ ಇನ್ನೂ ಹತ್ತು ದಿನಗಳ ರಜೆಯಿದೆಯೆಂದು ಹೇಳುವುದು ಶೋಭಿಸದು. ಅಲ್ಲಿ ಮುನ್ಸೂಚನೆಯ ಮಾತೇ ಇಲ್ಲ. ಆದರೆ ಕಛೇರಿಗಳಿಂದ ಬರುವ ಕರೆಗಳೆಲ್ಲ ಇಂತಹವೇ? ಲೆಕ್ಕಪತ್ರವನ್ನು ಸಲ್ಲಿಸುವ ದಿನವು ಪಂಚಾಂಗದಲ್ಲಿನ ಏಕಾದಶಿಯಷ್ಟೇ ಮುಂಚಿತವಾಗಿ ಗೊತ್ತಿರುತ್ತದೆ. ಅದನ್ನು ಮರೆತು ಹಿಂದಿನ ಸಾಯಂಕಾಲ ಎಚ್ಚರಗೊಂಡವನ ಗಾಬರಿಯು ಆಪತ್ತಲ್ಲ, ಆಲಸ್ಯದ ಫಲ. ಒಬ್ಬನ ಆಲಸ್ಯವು ಮತ್ತೊಬ್ಬನ ಆಪದ್ಧರ್ಮವಾಗಲಾರದು. ೨೦೨೫ರ ಸೆಪ್ಟೆಂಬರ್ ೨೨ರಿಂದ ಕರ್ನಾಟಕದಲ್ಲಿ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಾಲೆಯ ಉಪಾಧ್ಯಾಯರನ್ನು ದಸರಾ ರಜೆಯ ದಿನಗಳಲ್ಲಿಯೇ ನಿಯೋಜಿಸಲಾಯಿತು. ಹಬ್ಬದ ದಿನಗಳು ಹೋದುವೆಂಬ ವ್ಯಥೆಯು ಅವರ ಮನೆಗಳಲ್ಲಿ ಸಹಜವೇ. ಆದರೂ ದಿನಾಂಕವು ಮೊದಲೇ ಪ್ರಕಟವಾಗಿದ್ದುದರಿಂದ ಅದು ಮುನ್ಸೂಚನೆಯಿಲ್ಲದ ಕರೆಯಾಗಿರಲಿಲ್ಲ.

ಹಬ್ಬದ ಮಾತು ಬಂದುದರಿಂದ ಶುಕ್ರನೀತಿಯ ಒಂದು ವಿಧಿಯನ್ನು ಇಲ್ಲಿ ನೆನೆಯಬಹುದು. ಆ ಗ್ರಂಥದ ಕಾಲದ ವಿಷಯದಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ವಿಧಿಯು ಮಾತ್ರ ವಿವೇಕಯುತವಾಗಿದೆ. ಉತ್ಸವದ ದಿನಗಳಲ್ಲಿ ಸೇವಕರಿಂದ ಕೆಲಸ ಮಾಡಿಸಬಾರದು, ಅವಶ್ಯಕವಾದ ಕಾರ್ಯವಿದ್ದರೆ ಮಾಡಿಸಬಹುದು. ಶ್ರಾದ್ಧದ ದಿನವಾದರೋ ಎಂದಿಗೂ ಮಾಡಿಸಕೂಡದು. ರಜೆ ರಜೆಗೂ ಭೇದವಿದೆಯೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ. ಮುಂದಕ್ಕೆ ಹಾಕಬಹುದಾದ ರಜೆಯುಂಟು, ಹಾಕಲಾಗದ ರಜೆಯುಂಟು. ಪ್ರವಾಸಕ್ಕೆ ಹೋದವನು ಇನ್ನೊಂದು ವರ್ಷ ಹೋದಾನು. ತಿಥಿಯು ಮತ್ತೊಂದು ದಿನಕ್ಕೆ ಸರಿಯದು, ಮಗಳ ಹೆರಿಗೆಯು ಮೇಲಧಿಕಾರಿಯ ಅನುಕೂಲವನ್ನು ನೋಡದು. ಆದುದರಿಂದ ಕರೆಯುವವನು ತನ್ನ ಕಾರ್ಯವು ಎಷ್ಟು ದೊಡ್ಡದೆಂಬುದನ್ನಷ್ಟೇ ತೂಗಿದರೆ ಸಾಲದು. ಇನ್ನೊಂದು ತಟ್ಟೆಯಲ್ಲಿ ಇರುವುದೇನೆಂಬುದನ್ನು ಕೇಳಿ ತಿಳಿಯಬೇಕು. ಆಸ್ಟ್ರೇಲಿಯ ದೇಶದಲ್ಲಿ ೨೦೨೪ರ ಆಗಸ್ಟ್ ತಿಂಗಳಿನಿಂದ ಜಾರಿಗೆ ಬಂದ ಕಾನೂನು, ಕೆಲಸದ ವೇಳೆಯ ಹೊರಗೆ ಬಂದ ಕರೆಗೆ ಓಗೊಡದಿರುವ ಹಕ್ಕನ್ನು ನೌಕರನಿಗೆ ಕೊಟ್ಟಿತು. ಆ ನಿರಾಕರಣೆಯು ಯುಕ್ತವೋ ಅಲ್ಲವೋ ಎಂದು ನೋಡುವಾಗ, ಕರೆಯ ಕಾರಣ, ಅದರಿಂದಾದ ತೊಂದರೆ, ಅವನ ಹುದ್ದೆಯ ಹೊಣೆ, ಅದಕ್ಕೆ ಸಲ್ಲುವ ಪ್ರತಿಫಲ ಇವುಗಳೊಡನೆ ಅವನ ಕುಟುಂಬದ ಸ್ಥಿತಿಯನ್ನೂ ಗಣನೆಗೆ ತರಬೇಕೆಂದು ಅದು ಹೇಳುತ್ತದೆ.

ಯಾವಾಗ ಕರೆದರೂ ಸಿಕ್ಕುವಂತಿರಬೇಕೆನ್ನುವವರು ಒಂದು ಸಂಗತಿಯನ್ನು ಮರೆಯುತ್ತಾರೆ: ಕಾದಿರುವುದೂ ಒಂದು ದುಡಿಮೆಯೇ. ನಮ್ಮ ಕಾರ್ಖಾನೆಗಳ ಕಾನೂನು ಇದನ್ನು ಬಹಳ ಹಿಂದೆಯೇ ಒಪ್ಪಿತ್ತು. ೧೯೪೭ರ ಕೈಗಾರಿಕಾ ವಿವಾದ ಕಾಯಿದೆಗೆ ೧೯೫೩ರಲ್ಲಿ ಸೇರಿಸಿದ ಪ್ರಕರಣಗಳಂತೆ, ಕಚ್ಚಾ ಸಾಮಾನಿಲ್ಲದೆಯೋ ಯಂತ್ರ ಕೆಟ್ಟೋ ಕೆಲಸವಿಲ್ಲದೆ ತಾತ್ಕಾಲಿಕವಾಗಿ ಹೊರಗಿರಿಸಿದ ಅರ್ಹ ಕಾರ್ಮಿಕನಿಗೆ ಮೂಲ ವೇತನ ಮತ್ತು ತುಟ್ಟಿಭತ್ಯಗಳ ಅರ್ಧದಷ್ಟು ಪರಿಹಾರವು ಸಲ್ಲುತ್ತಿತ್ತು. ಆದರೆ ಅವನು ದಿನಕ್ಕೊಮ್ಮೆಯಾದರೂ ಗೊತ್ತಾದ ಹೊತ್ತಿಗೆ ಕಾರ್ಖಾನೆಗೆ ಬಂದು ತಾನು ಕೆಲಸಕ್ಕೆ ಸಿದ್ಧನೆಂದು ತೋರಿಸಬೇಕಾಗಿತ್ತು. ಅದೇ ಯಜಮಾನನು ಐದು ಮೈಲಿಗಳೊಳಗಿನ ತನ್ನ ಬೇರೊಂದು ಕಾರ್ಖಾನೆಯಲ್ಲಿ ತಕ್ಕ ಕೆಲಸ ಕೊಟ್ಟರೆ ಬೇಡವೆನ್ನುವಂತಿರಲಿಲ್ಲ. ಷರತ್ತು ಕಠಿನವೇ. ಆದರೂ ಅದರಲ್ಲಿ ಎರಡು ಪಕ್ಷಗಳಿಗೂ ಮಿತಿಯಿತ್ತು: ದಿನಕ್ಕೊಮ್ಮೆ, ಐದು ಮೈಲಿ, ಅರ್ಧ ಸಂಬಳ. ಇಪ್ಪತ್ತನಾಲ್ಕು ಗಂಟೆಯೂ ದೂರವಾಣಿಯನ್ನು ಕಿವಿಯ ಬಳಿಯಿಟ್ಟುಕೊಂಡಿರಬೇಕೆನ್ನುವ ಇಂದಿನ ಅಲಿಖಿತ ಕಟ್ಟಳೆಗೆ ಮಿತಿಯೂ ಇಲ್ಲ, ಬೆಲೆಯೂ ಇಲ್ಲ.

ಹಾಗೆಂದು ನೌಕರನ ಪಕ್ಷವು ನಿರ್ದುಷ್ಟವೆಂದು ಹೇಳುವಂತಿಲ್ಲ. ಅರ್ಜಿಯಲ್ಲಿ ರಜಾಕಾಲದ ವಿಳಾಸವೆಂಬ ಅಂಕಣದಲ್ಲಿ ಒಂದೂರನ್ನು ಬರೆದು ಇನ್ನೊಂದೂರಿನಲ್ಲಿ ಇರುವವರುಂಟು. ಕರೆ ಬಂದೊಡನೆ ಕಾಶಿಯಲ್ಲಿರುವೆನೆಂದು ಮನೆಯ ಜಗಲಿಯಿಂದಲೇ ಹೇಳುವವರೂ ಉಂಟು. ಇವರ ಸುಳ್ಳಿನ ಫಲವನ್ನು ಉಣ್ಣುವವರು ನಿಜವನ್ನು ಹೇಳುವವರು. ಕೌಟಿಲ್ಯನು ವೇತನವನ್ನು ಪಡೆದು ಕೆಲಸ ಮಾಡದ ಭೃತ್ಯನಿಗೆ ಹನ್ನೆರಡು ಪಣಗಳ ದಂಡವನ್ನು ವಿಧಿಸಿ, ವ್ಯಾಧಿಯಲ್ಲಿಯೂ ವ್ಯಸನದಲ್ಲಿಯೂ ಇರುವವನಿಗೆ ವಿನಾಯತಿಯನ್ನು ಕೊಟ್ಟನು. ಬೇರೊಬ್ಬನ ಮೂಲಕ ಆ ಕೆಲಸವನ್ನು ಮಾಡಿಸಲೂ ಅವಕಾಶವಿತ್ತನು. ಬದಲಾಳನ್ನು ಸೂಚಿಸುವ ಈ ಮಾರ್ಗವನ್ನು ಇಂದಿನ ನೌಕರರೂ ಅಧಿಕಾರಿಗಳೂ ಅಷ್ಟಾಗಿ ನೆನೆಯುವುದಿಲ್ಲ. ಅನೇಕ ಕರೆಗಳು ಹತ್ತು ನಿಮಿಷಗಳ ಮಾತಿನಿಂದ, ಕಾಗದವು ಯಾವ ಕಟ್ಟಿನಲ್ಲಿದೆಯೆಂದು ಹೇಳುವುದರಿಂದಲೇ ತೀರುವಂತಹವು.

ಮಲೆನಾಡಿನ ಮನೆಯಲ್ಲಿ ದೂರವಾಣಿಯನ್ನು ಹಿಡಿದು ನಿಂತಿರುವ ಗುಮಾಸ್ತನು ಮೊದಲು ಕೇಳತಕ್ಕದ್ದು ಕಾರಣವನ್ನು. ಅದನ್ನು ಕೇಳುವುದು ಉದ್ಧಟತನವಲ್ಲ. ವಾರ್ಷಿಕ ಲೆಕ್ಕದ ಪಟ್ಟಿಯೆಂದು ತಿಳಿದರೆ, ತಾಯಿಯ ಸ್ಥಿತಿಯನ್ನು ಇದ್ದಂತೆ ಹೇಳಿ, ಪ್ರಭಾರದಲ್ಲಿರುವ ಸಹೋದ್ಯೋಗಿಗೆ ಕಡತಗಳ ಗುರುತನ್ನು ತಿಳಿಸಿ, ತಮ್ಮನು ಊರಿಗೆ ಬಂದ ಮೇಲೆ ಮೂರನೆಯ ದಿನ ಹೊರಡುವೆನೆಂದು ಅವನು ವಿನಯದಿಂದ ಹೇಳಬಹುದು. ಅಧಿಕಾರಿಯು ಅದನ್ನು ಅವಿಧೇಯತೆಯೆಂದು ಬರೆದುಕೊಳ್ಳತಕ್ಕದ್ದಲ್ಲ. ಆದರೆ ಬೆಳಗ್ಗೆ ಬಡವರ ಪಿಂಚಣಿಯ ಹಣವನ್ನು ಹಂಚಬೇಕಾಗಿದ್ದು, ಆ ಕಪಾಟಿನ ಬೀಗದ ಕೈಯನ್ನು ಒಪ್ಪಿಸಲು ಮರೆತು ತಾನೇ ಚೀಲದಲ್ಲಿ ತಂದಿರುವನೆಂದು ಆ ಕ್ಷಣದಲ್ಲಿ ಅವನಿಗೆ ಹೊಳೆದರೆ, ಆಗ ಅವನು ಮುನ್ಸೂಚನೆಯ ಮಾತನ್ನು ಎತ್ತದೆ, ತಾಯಿಯ ಕಣ್ಣಿಗೆ ಔಷಧ ಹಾಕಲು ನೆರೆಮನೆಯವರನ್ನು ಬೇಡಿಕೊಂಡು, ಆ ರಾತ್ರಿಯ ಬಸ್ಸನ್ನೇ ಹತ್ತತಕ್ಕವನು.