ಕಪ್ಪು ಗಾಜಿನ ಹಿಂದಿನ ಕಣ್ಣು

ಕಳೆದ ಚಳಿಗಾಲದಲ್ಲಿ ನನ್ನ ಹೆಲ್ಮೆಟ್ಟಿಗೆ ಕಪ್ಪು ವೈಸರ್ ಹಾಕಿಸಿದೆ. ಅಂಗಡಿಯವರು ಅದನ್ನು ಬರೀ ‘ಗ್ಲಾಸ್’ ಎನ್ನುತ್ತಾರೆ. ತತ್ವಪದ ಹಾಡುವ ಹಿರಿಯರನ್ನು ಕಾಣಲು ಶಿಗ್ಗಾವಿಯಿಂದ ಹುಲಗೂರಿಗೆ ಹೋಗಿಬರುವುದು ನನ್ನ ಸಂಶೋಧನೆಯ ಭಾಗ. ಬೆಳಿಗ್ಗೆ ಮೂಡಣಕ್ಕೆ ಮುಖ ಮಾಡಿ ಹೋಗಬೇಕು, ಸಂಜೆ ಪಡುವಣಕ್ಕೆ ಮುಖ ಮಾಡಿ ಬರಬೇಕು. ಎರಡೂ ಹೊತ್ತು ಸೂರ್ಯ ಎದುರಿಗೇ ಇರುತ್ತಾನೆ.

ಕಪ್ಪು ಗಾಜು ಕಣ್ಣಿಗೆ ತಂಪು ಕೊಟ್ಟಿತು. ಜೊತೆಗೆ ನಾನು ಕೇಳದಿದ್ದ ಇನ್ನೊಂದು ಸುಖವನ್ನೂ ಕೊಟ್ಟಿತು. ಕಟ್ಟೆಯ ಮೇಲೆ ಕುಳಿತವರನ್ನು ನಾನು ನೋಡಬಹುದಿತ್ತು, ಅವರಿಗೆ ನಾನು ಯಾರೆಂದು ತಿಳಿಯುತ್ತಿರಲಿಲ್ಲ. ನಿಂತು ಮಾತಾಡಿಸುವ, ಕೈಯೆತ್ತಿ ನಮಸ್ಕರಿಸುವ ಜವಾಬ್ದಾರಿ ತಪ್ಪಿತು. ಪ್ಲೇಟೋನ ‘ರಿಪಬ್ಲಿಕ್’ನಲ್ಲಿ ಗೈಜಿಸ್ ಎಂಬ ಕುರುಬನಿಗೆ ಒಂದು ಉಂಗುರ ಸಿಗುತ್ತದೆ. ಅದರ ಹರಳನ್ನು ಒಳಕ್ಕೆ ತಿರುಗಿಸಿದರೆ ಅವನು ಅದೃಶ್ಯನಾಗುತ್ತಾನೆ. ಆಮೇಲೆ ಅವನು ದೊರೆಯನ್ನು ಕೊಂದು ರಾಜ್ಯವನ್ನೇ ಕಿತ್ತುಕೊಳ್ಳುತ್ತಾನೆ. ನಾನು ಅಷ್ಟು ದೂರ ಹೋಗಲಿಲ್ಲ, ನಮಸ್ಕಾರ ಉಳಿಸಿಕೊಂಡೆ ಅಷ್ಟೆ.

ಒಂದು ಸಂತೆಯ ದಿನ ತಲೆಯ ಮೇಲೆ ಬುಟ್ಟಿ ಹೊತ್ತ ಅಜ್ಜಿಯೊಬ್ಬಳು ರಸ್ತೆ ದಾಟಲು ನಿಂತಿದ್ದಳು. ನಾನು ನಿಧಾನಿಸಿದೆ. ಅವಳು ಒಂದು ಹೆಜ್ಜೆ ಇಟ್ಟು ಹಿಂದೆ ಸರಿದಳು. ನಾನು ಗಾಡಿ ಬಿಟ್ಟೆ, ಅವಳೂ ಮುಂದೆ ಬಂದಳು. ಬ್ರೇಕ್ ಒತ್ತಿದಾಗ ಗಾಲಿಗೂ ಅವಳ ಕಾಲಿಗೂ ಗೇಣಿನ ಅಂತರ. ಬೈಗುಳ ಬರುತ್ತದೆಂದುಕೊಂಡೆ. ಅವಳು ಕೇಳಿದ್ದು ಇಷ್ಟೇ: “ನಿನ್ನ ಕಣ್ಣ ಕಾಣವಲ್ಲವು, ಹೆಂಗ ದಾಟೂದೋ ತಮ್ಮಾ?”

ಶಿಶುನಾಳ ಷರೀಫರ (1819–1889) ಪ್ರಸಿದ್ಧ ತತ್ವಪದವೊಂದು ಹುಲಗೂರ ಸಂತೆಯ ಗದ್ದಲದಲ್ಲಿ ನಿಂತ ಮುದುಕಿಯನ್ನು ಬೀಳದಂತೆ ಎಚ್ಚರಿಸುತ್ತದೆ. ಅದರ ಅರ್ಥವನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡವನು ನಾನು. ಅದೇ ಸಂತೆಯಲ್ಲಿ ಒಬ್ಬ ಮುದುಕಿಯನ್ನು ಕೆಡವಲು ಹೊರಟಿದ್ದವನೂ ನಾನೇ.

ಹೆಲ್ಮೆಟ್ ಕಡ್ಡಾಯದ ಬಗ್ಗೆ ವಾದಿಸುವಾಗ ನಾವು ಜಾನ್ ಸ್ಟುವರ್ಟ್ ಮಿಲ್‌ನನ್ನು ಕರೆತರುತ್ತೇವೆ. 1859ರ ‘ಆನ್ ಲಿಬರ್ಟಿ’ಯಲ್ಲಿ ಅವನು ಹೇಳುವ ಪ್ರಕಾರ, ಇನ್ನೊಬ್ಬರಿಗೆ ಹಾನಿಯಾಗದ ಹೊರತು ಒಬ್ಬನ ಆಯ್ಕೆಯಲ್ಲಿ ಸಮಾಜ ಕೈಹಾಕಬಾರದು. ನನ್ನ ತಲೆ ನನ್ನದು ಎನ್ನುವವರಿಗೆ ಇದು ಆಸರೆ. ಆದರೆ ಗಾಜಿನ ಮಾತು ಬೇರೆ. ಸಿಗ್ನಲ್ ಇಲ್ಲದ ಊರಿನ ರಸ್ತೆಯಲ್ಲಿ ದಾಟುವವರು ನಂಬುವುದು ಸವಾರನ ಕಣ್ಣನ್ನು. ‘ನಿನ್ನನ್ನು ಕಂಡೆ, ಹೋಗು’ ಎಂಬ ಮಾತು ಅಲ್ಲಿ ನೋಟದಲ್ಲೇ ನಡೆಯುತ್ತದೆ. ನಾನು ಅದಕ್ಕೆ ಪರದೆ ಎಳೆದಿದ್ದೆ.

ಹಾಗಂತ ಬಿಳಿ ಗಾಜಿನಲ್ಲಿ ದೋಷವಿಲ್ಲವೆಂದಲ್ಲ. ಸೂರ್ಯ ಕಣ್ಣು ಕುಕ್ಕಿದಾಗ ಆ ಅಜ್ಜಿಯೇ ನನಗೆ ಕಾಣದೆ ಹೋಗಬಹುದು. ಮಬ್ಬುಗತ್ತಲಲ್ಲಿ ಕಪ್ಪು ಗಾಜೂ ಹಾಗೆಯೇ ಕುರುಡು ಮಾಡುತ್ತದೆ. ಹಿಂದಿನ ಐರೋಪ್ಯ ಮಾನದಂಡ ಇಸಿಇ 22.05ರಂತೆ ಶೇ. 80ಕ್ಕಿಂತ ಕಡಿಮೆ ಬೆಳಕು ಬಿಡುವ ವೈಸರ್ ಮೇಲೆ ‘ಹಗಲಿನ ಬಳಕೆಗೆ ಮಾತ್ರ’ ಎಂದು ನಮೂದಿಸಿರಬೇಕಿತ್ತು. ನಮ್ಮಲ್ಲಿ 2012ರಲ್ಲಿ ಸುಪ್ರೀಂ ಕೋರ್ಟ್ ಕಾರಿನ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ನಿಷೇಧಿಸಿತು. ನಿಯಮಗಳು ಇಷ್ಟನ್ನು ಹೇಳಬಲ್ಲವು. ಬಿಸಿಲಿನ ಕಷ್ಟದ ಬೆಲೆಯನ್ನು ಯಾರು ತೆರಬೇಕು ಎಂಬುದನ್ನು ನಾವೇ ಕೇಳಿಕೊಳ್ಳಬೇಕು. ಕಪ್ಪು ಗಾಜು ಹಾಕಿದಾಗ ನನ್ನ ಕಣ್ಣಿನ ಉರಿಯನ್ನು ಆ ಅಜ್ಜಿಯ ಎದೆಗೆ ದಾಟಿಸಿದ್ದೆ.

ಇದನ್ನು ಹಾನಗಲ್ಲಿನ ಗೆಳತಿಗೆ ಹೇಳಿದೆ. ಅವಳು ದಿನಾ ಸ್ಕೂಟಿಯಲ್ಲಿ ಪಾಠ ಮಾಡಲು ಹೋಗುವವಳು. “ನಿನ್ನ ಜನ ನೋಡಿದ್ರ ಅದು ನಮಸ್ಕಾರ. ನನ್ನ ನೋಡೂದು ಬ್ಯಾರೆ. ಕರೀ ಗ್ಲಾಸ್ ಹಾಕ್ಕೊಂಡ ಮ್ಯಾಲೆ ನೆಟ್ಟಗ ಹೋಗಿ ಬರ್ತೀನಿ” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಗೈಜಿಸ್ ಉಂಗುರವನ್ನು ಇನ್ನೊಬ್ಬರ ಮೇಲೆ ಕೈಮಾಡಲು ಬಳಸಿದ, ಅವಳು ದಿಟ್ಟಿಸುವ ಕಣ್ಣುಗಳಿಂದ ಪಾರಾಗಲು ಬಳಸುತ್ತಾಳೆ. ಅವಳ ಸ್ಕೂಟಿಯ ಮುಂದೆಯೂ ಅಜ್ಜಿ ತಡವರಿಸಬಹುದು. ಆದರೆ ಅದರ ಮೊದಲ ಹೊಣೆ ಗೆಳತಿಯನ್ನು ದಿಟ್ಟಿಸಿದವರದು. ಅವಳಿಗೆ ಗಾಜು ಬದಲಿಸು ಎನ್ನುವ ಹಕ್ಕು ನನಗಿಲ್ಲ.

ನನಗೆ ಅಂಥ ಕಾರಣವಿರಲಿಲ್ಲ. ಮತ್ತೆ ಬಿಳಿ ಗ್ಲಾಸ್ ಹಾಕಿಸಿದ್ದೇನೆ. ಸಂಜೆ ಬಿಸಿಲು ತೀರಾ ಚುಚ್ಚಿದರೆ ಗಾಡಿ ನಿಧಾನಿಸುತ್ತೇನೆ. ಅದೂ ಸಾಲದಿದ್ದರೆ ಮರದಡಿ ನಿಲ್ಲಿಸಿ, ಸೂರ್ಯ ಇಳಿಯುವವರೆಗೆ ಹತ್ತು ನಿಮಿಷ ಕಾಯುತ್ತೇನೆ. ಮನೆಗೆ ತಡವಾಗುತ್ತದೆ. ಆ ಹತ್ತು ನಿಮಿಷ ನನ್ನ ಲೆಕ್ಕಕ್ಕೇ ಇರಲಿ.