ನೋಟ ಪರರಿಚ್ಛೆ

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಕಡಿಮೆ. ಇದರ ಮೊದಲರ್ಧದ ಬಗ್ಗೆ ಯಾರ ತಕರಾರೂ ಇರಲಾರದು. ತೊಡಕಿರುವುದು ಎರಡನೆಯ ಅರ್ಧದಲ್ಲಿ. ನಮ್ಮನ್ನು ನೋಡುವ ಆ 'ಪರರು' ಯಾರು? ಅವರ ಇಚ್ಛೆಗೆ ಎಷ್ಟು ದೂರ ತಲೆಬಾಗಬೇಕು? ಅವರಿಗೂ ಏನಾದರೂ ಕರ್ತವ್ಯವಿದೆಯೇ? ಗಾದೆ ಇದನ್ನೆಲ್ಲ ಹೇಳುವುದಿಲ್ಲ. ಹೇಳುವ ಕೆಲಸವನ್ನು ನಮಗೇ ಬಿಟ್ಟಿದೆ.

ತುಮಕೂರಿನಿಂದ ಶಿರಾ ಕಡೆಗೆ ಹೊರಟರೆ ಹೆದ್ದಾರಿಯ ಬದಿಯಲ್ಲೇ ಅಂತರಸನಹಳ್ಳಿ ಸಿಗುತ್ತದೆ. ಅಲ್ಲಿನ ಕೈಗಾರಿಕಾ ಪ್ರದೇಶದ ಸಣ್ಣಪುಟ್ಟ ಘಟಕಗಳಿಗೆ ಲೆಕ್ಕಪತ್ರ ಬರೆದುಕೊಡುತ್ತಾ ನಾನು ಬಹಳ ವರ್ಷ ಕಳೆದಿದ್ದೇನೆ. ಬಟ್ಟೆಗೂ ಕೆಲಸಕ್ಕೂ ಇರುವ ನಂಟನ್ನು ನಾನು ಕಂಡದ್ದು ಅಲ್ಲಿನ ಲೇತ್ ವರ್ಕ್‌ಶಾಪುಗಳಲ್ಲಿ. ಲೇತಿನ ಮುಂದೆ ನಿಲ್ಲುವವನು ಸಡಿಲ ತೋಳಿನ ಅಂಗಿ ತೊಡುವಂತಿಲ್ಲ; ಉಂಗುರ, ಕೈಗವಸು ಕೂಡದು; ಕೊರಳಲ್ಲಿ ಟವೆಲ್ಲು ನೇತಾಡಬಾರದು. ತಿರುಗುವ ಚಕ್ಕಿಗೆ ಬಟ್ಟೆಯ ತುದಿ ಸಿಕ್ಕಿದರೆ ಅದು ಬಟ್ಟೆಯನ್ನಷ್ಟೇ ಎಳೆದು ಸುಮ್ಮನಾಗುವುದಿಲ್ಲ, ಕೈಯನ್ನೂ ಎಳೆದುಕೊಳ್ಳುತ್ತದೆ. ಸಾಹೇಬರ ಘನತೆ ಹೆಚ್ಚಿಸುವ ಟೈ ಇಲ್ಲಿ ಜೀವಕ್ಕೇ ಅಪಾಯ. ಅಲ್ಲಿ ಉಡುಪಿನ ನಿಯಮಕ್ಕೆ ಯಾರ ಇಚ್ಛೆಯೂ ಕಾರಣವಲ್ಲ, ಯಂತ್ರವೇ ಕಾರಣ. ಆದ್ದರಿಂದ ಅದನ್ನು ಪಾಲಿಸಲು ಯಾರಿಗೂ ಅವಮಾನವಿಲ್ಲ.

ಕಷ್ಟ ಶುರುವಾಗುವುದು ಅದೇ ವರ್ಕ್‌ಶಾಪಿನವರು ಬೆಂಗಳೂರಿನ ದೊಡ್ಡ ಕಂಪನಿಯ ಮುಂದೆ ತಮ್ಮ ಕೆಲಸವನ್ನು ವಿವರಿಸಲು ಹೋಗಬೇಕಾದಾಗ. ಈಗ ಅದಕ್ಕೆ ಪ್ರೆಸೆಂಟೇಶನ್ ಎನ್ನುತ್ತಾರೆ. "ಏನು ಹಾಕ್ಕೊಂಡು ಹೋಗ್ಲಿ ಸಾರ್?" ಎಂದು ಯುವ ಮಾಲೀಕರೊಬ್ಬರು ನನ್ನನ್ನು ಕೇಳಿದಾಗ ನನಗೆ ನಗು ಬರಲಿಲ್ಲ. ಬ್ಯಾಂಕಿನ ಸಾಲ, ಹತ್ತು ಮಂದಿಯ ಸಂಬಳ ಆ ಒಂದು ಗಂಟೆಯ ಮಾತಿಗೆ ಜೋತುಬಿದ್ದಿದ್ದವು. ಅವರು ತುಂಬುತೋಳಿನ ಅಂಗಿ, ಹೊಸ ಬೂಟು ಹಾಕಿಕೊಂಡರು. ಜೊತೆಗೆ ಬಂದ ಹಿರಿಯ ಮೇಸ್ತ್ರಿ ಒಗೆದ ಬಿಳಿ ಪಂಚೆ ಉಟ್ಟು, ಚಪ್ಪಲಿ ಮೆಟ್ಟಿ ಬಂದರು. ದರಪಟ್ಟಿ ಹಿಡಿದು ನಾನೂ ಹೋಗಿದ್ದೆ. ಗೇಟಿನಲ್ಲಿ ನಮ್ಮಿಬ್ಬರನ್ನು ಒಳಗೆ ಬಿಟ್ಟರು. ಮೇಸ್ತ್ರಿಯನ್ನು ಡ್ರೈವರೆಂದುಕೊಂಡು ಕಾವಲುಗಾರರ ಕೋಣೆಯಲ್ಲಿ ಕೂರಿಸಿದರು.

ಒಳಗೆ ಒಂದೇ ಒಂದು ಗಟ್ಟಿ ಪ್ರಶ್ನೆ ಬಂತು. ತೆಳ್ಳಗಿನ ಬಳೆಯಂಥ ಭಾಗವನ್ನು ಚಕ್ಕಿಗೆ ಬಿಗಿದರೆ ಅದು ಒತ್ತಡಕ್ಕೆ ಸ್ವಲ್ಪ ಬಾಗುತ್ತದೆ. ಬಿಚ್ಚಿದ ಮೇಲೆ ದುಂಡಗೆ ಉಳಿಯುವುದಿಲ್ಲ. ನೀವು ಹೇಗೆ ಹಿಡಿಯುತ್ತೀರಿ? ಮಾಲೀಕರಿಗೆ ಉತ್ತರ ಅರ್ಧ ಗೊತ್ತಿತ್ತು. ಪೂರ್ತಿ ಉತ್ತರ ಗೇಟಿನಲ್ಲಿ ಕೂತಿತ್ತು. "ನಮ್ಮ ಮೇಸ್ತ್ರಿ ಹೊರಗಿದ್ದಾರೆ, ಕರೆಸಿ" ಎಂದು ಮಾಲೀಕರು ಕೇಳಿಕೊಂಡರು. ಅವರಿಗೆ ಹೊತ್ತಾಗಿತ್ತು. ಕೆಲಸ ಕೈತಪ್ಪಿತು. ವಾಪಸು ಬರುವಾಗ ಮೇಸ್ತ್ರಿ ಅಂದರು: "ಪ್ಯಾಂಟು ಹಾಕ್ಕೊಂಡು ಬಾ ಅಂದಿದ್ರೆ ಹಾಕ್ಕೊಂಡೇ ಬರ್ತಿದ್ದೆ ಸ್ವಾಮಿ, ಅದಕ್ಕೇನು? ನನ್ನ ಮಾತು ಕೇಳೋರಿಗೆ ನಾನ್ಯಾರು ಅಂತ ಗೊತ್ತಾಗ್ಬೇಕಲ್ಲ."

ಹಾಗೆಂದು ಚೆನ್ನಾಗಿ ಉಡುವುದೇ ಬೂಟಾಟಿಕೆ ಎಂದು ನಾನು ಹೇಳಲಾರೆ. ಸರ್ ಎಂ. ವಿಶ್ವೇಶ್ವರಯ್ಯನವರ ಚಿತ್ರಗಳನ್ನು ನೋಡಿ: ಕೋಟು, ಟೈ, ಮೇಲೆ ಮೈಸೂರು ಪೇಟ. ಆ ಅಚ್ಚುಕಟ್ಟು ಅವರ ಕೆಲಸದ ಅಚ್ಚುಕಟ್ಟಿನ ಮುಂದುವರಿಕೆಯಂತೆಯೇ ಕಾಣುತ್ತದೆ. ಒಗೆದು ಇಸ್ತ್ರಿ ಮಾಡಿದ ಅಂಗಿ ಎದುರಿನವರಿಗೆ, "ನಿಮ್ಮನ್ನು ಕಾಣಲು ನಾನು ಸಿದ್ಧವಾಗಿ ಬಂದಿದ್ದೇನೆ" ಎನ್ನುತ್ತದೆ. ಅದು ಮರ್ಯಾದೆ.

ಇಲ್ಲಿ ಇನ್ನೂ ಆಳದ ಮಾತೊಂದಿದೆ. ಗಾಂಧೀಜಿ 1921ರಲ್ಲಿ ಮದುರೆಯಲ್ಲಿ ತುಂಡುಬಟ್ಟೆಗೆ ಇಳಿದರು. 1931ರಲ್ಲಿ ಲಂಡನ್ನಿನ ಅರಮನೆಯಲ್ಲಿ ದೊರೆಯನ್ನು ಕಾಣಲೂ ಅದೇ ವೇಷದಲ್ಲಿ ಹೋದರು. ಅಂಬೇಡ್ಕರ್ ಸೂಟು ತೊಟ್ಟರು. ಗಾಂಧೀಜಿ ಬಿಟ್ಟುಕೊಟ್ಟದ್ದು ಹುಟ್ಟಿನಿಂದ ಬಂದದ್ದನ್ನು. ಅಂಬೇಡ್ಕರ್ ತೊಟ್ಟದ್ದು, ತಮ್ಮ ಜನಕ್ಕೆ ತಲೆಮಾರುಗಳಿಂದ ನಿರಾಕರಿಸಿದ್ದ ಘನತೆಯನ್ನು. ಒಳ್ಳೆಯ ಬಟ್ಟೆ ತೊಟ್ಟರೆ ಏಟು ಬೀಳುತ್ತಿದ್ದ ಕೇರಿಯಿಂದ ಬಂದ ಹುಡುಗ ಕೋಟು ಹಾಕಿಕೊಂಡು ಸಭೆಯ ಮುಂದೆ ನಿಂತರೆ ಅದನ್ನು ಶೋಕಿ ಎನ್ನುವ ಹಕ್ಕು ನಮಗಿಲ್ಲ. ಹೆಣ್ಣುಮಕ್ಕಳ ಪಾಡು ಇನ್ನೊಂದು ಬಗೆ. ಸೀರೆಯುಟ್ಟರೆ ಹಳೇ ಕಾಲದವಳು, ಕೋಟು ತೊಟ್ಟರೆ ಜಂಬದವಳು. ಲೆಕ್ಕ ಎಷ್ಟು ಸರಿಯಾಗಿ ಒಪ್ಪಿಸಿದರೂ ಮೊದಲು ಬೀಳುವ ಅಂಕ ಉಡುಪಿಗೆ.

ಪಂಚೆಯನ್ನೇ ನೋಡಿ. 1996ರಲ್ಲಿ ಹೆಚ್.ಡಿ. ದೇವೇಗೌಡರು ಪಂಚೆಯುಟ್ಟೇ ದೇಶದ ಪ್ರಧಾನಿಯಾದರು. 2014ರಲ್ಲಿ ಚೆನ್ನೈನ ಕ್ಲಬ್ಬೊಂದು ಪಂಚೆಯುಟ್ಟ ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರನ್ನು ಒಳಗೆ ಬಿಡಲಿಲ್ಲ. ತಮಿಳುನಾಡು ಅದೇ ವರ್ಷ ಇಂಥ ತಡೆಯ ವಿರುದ್ಧ ಕಾನೂನು ತಂದಿತು. 2024ರ ಜುಲೈನಲ್ಲಿ ಬೆಂಗಳೂರಿನ ಮಾಲೊಂದರಲ್ಲಿ, ಸಿನಿಮಾ ನೋಡಲು ಮಗನೊಡನೆ ಬಂದಿದ್ದ ಹಾವೇರಿ ಕಡೆಯ ವೃದ್ಧ ರೈತರನ್ನು ಪಂಚೆಯ ಕಾರಣಕ್ಕೇ ತಡೆದರು. ವಿಧಾನಸಭೆಯಲ್ಲಿ ಚರ್ಚೆಯಾಯಿತು; ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಹೇಳಿತು. ಇವೆಲ್ಲ ಆಗಬೇಕಾದದ್ದೇ. ಆದರೆ ಕಾನೂನು ಬಾಗಿಲನ್ನು ತೆರೆಸಬಲ್ಲದು, ಕಿವಿಯನ್ನಲ್ಲ. ಒಳಗೆ ಬಿಟ್ಟವನ ಮಾತನ್ನು ಮನಸ್ಸಿಟ್ಟು ಕೇಳಿ ಎಂದು ಯಾವ ಕಾಯ್ದೆ ಹೇಳೀತು?

ಈ ವಿದ್ಯೆ ನಮ್ಮ ಕಡೆಯ ರೈತರಿಗೆ ಗೊತ್ತಿದೆ. ಶಿವರಾತ್ರಿಯ ಸುಮಾರಿಗೆ ಸಿದ್ಧಗಂಗೆಯಲ್ಲಿ ದನಗಳ ಜಾತ್ರೆ ಸೇರುತ್ತದೆ. ಮಾರುವವನು ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗಂಟೆ ಕಟ್ಟಿ ನಿಲ್ಲಿಸುತ್ತಾನೆ. ಅದು ಮೋಸವೆಂದು ಯಾರೂ ಹೇಳುವುದಿಲ್ಲ. ಸಿಂಗಾರ ಮಾಡದೆ ತಂದರೆ ದನದ ಮೇಲೆ ಅಕ್ಕರೆ ಇಲ್ಲದವನೆಂದುಕೊಳ್ಳುತ್ತಾರೆ. ಆದರೆ ಕೊಳ್ಳುವವನು ಬಣ್ಣ ನೋಡಿ ದುಡ್ಡು ಬಿಚ್ಚುವುದಿಲ್ಲ. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಆಮೇಲೆ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುತ್ತಾನೆ. ಸಿಂಗರಿಸುವುದು ಮಾರುವವನ ಮರ್ಯಾದೆ, ಹಲ್ಲು ನೋಡುವುದು ಕೊಳ್ಳುವವನ ಜವಾಬ್ದಾರಿ. ಇಬ್ಬರೂ ತಮ್ಮ ತಮ್ಮ ಪಾಲು ಮಾಡಿದರೇನೇ ವ್ಯಾಪಾರ ನ್ಯಾಯವಾಗಿ ಕುದುರುವುದು. ನಮ್ಮ ಹವಾನಿಯಂತ್ರಿತ ಕೋಣೆಗಳಲ್ಲಿ ಬಣ್ಣ ಬಳಿಯುವ ಪಾಠ ಎಲ್ಲರಿಗೂ ಆಗಿದೆ. ಹಲ್ಲು ಎಣಿಸುವ ಪಾಠ ಆಗಿಲ್ಲ.

ಆದ್ದರಿಂದ ಕೇಳುವ ಹುಡುಗರಿಗೆ ನಾನು ಹೇಳುವುದಿಷ್ಟೆ. ಒಗೆದದ್ದನ್ನು, ಮೈಗೆ ಒಪ್ಪುವುದನ್ನು, ಕೂತೆದ್ದರೆ ಬಿಗಿಯದ್ದನ್ನು ಹಾಕಿಕೊಳ್ಳಿ. ಸಾಲ ಮಾಡಿ ಸೂಟು ಹೊಲಿಸಬೇಡಿ. ಎರಡು ನಿಮಿಷದಲ್ಲಿ ನಿಮ್ಮ ಬಟ್ಟೆ ಅವರಿಗೂ ನಿಮಗೂ ಮರೆತುಹೋಗುವಂತಿದ್ದರೆ ಅದೇ ಸರಿಯಾದ ಉಡುಪು. ನಿಮ್ಮ ಜೊತೆಗೆ ಕೆಲಸ ಬಲ್ಲವನೊಬ್ಬ ಬಂದಿದ್ದರೆ ಅವನನ್ನು ಬಿಟ್ಟು ಒಳಗೆ ಹೋಗಬೇಡಿ.

ಇನ್ನೊಂದು ಮಾತು. ಇಂದು ನಿಂತು ವಿವರಿಸುತ್ತಿರುವವರು ಹತ್ತು ವರ್ಷ ಕಳೆದರೆ ಮೇಜಿನ ಆ ಬದಿಯ ಕುರ್ಚಿಯಲ್ಲಿ ಕೂತಿರುತ್ತಾರೆ. ಅವರ ಮುಂದೆ ಚಪ್ಪಲಿ ಮೆಟ್ಟಿದ ಯಾರೋ ಒಬ್ಬರು ಕೈಯಲ್ಲೊಂದು ಕಬ್ಬಿಣದ ಬಳೆ ಹಿಡಿದು ಬಂದು ನಿಲ್ಲಬಹುದು. ಆ ಹೊತ್ತಿನಲ್ಲಿ 'ಪರರು' ಎಂದರೆ ಅವರೇ.