ಹಾಸು ಮತ್ತು ಹೊಕ್ಕು

‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ಗಾದೆಯನ್ನು ನಮ್ಮವರು ಹೊಗಳುವುದಕ್ಕೂ ಬಳಸುತ್ತಾರೆ, ಹಳಿಯುವುದಕ್ಕೂ ಬಳಸುತ್ತಾರೆ. ಹೆತ್ತ ಕೆಲವೇ ದಿನಗಳಲ್ಲಿ ನಿದ್ದೆಗೆಟ್ಟು, ಯಾರೂ ಆಡದ ಮಾತು ಕೇಳಿಸಿಕೊಂಡು, ತನ್ನ ಕೂಸಿನ ಮೇಲೇ ಅನುಮಾನಪಡುವ ಬಾಣಂತಿಯ ವಿಷಯದಲ್ಲಿ ಈ ಗಾದೆ ಬಂದರೆ ಅದು ಹಳಿಯುವುದಕ್ಕೇ. ‘ಅವಳ ತಾಯಿಗೂ ಹೀಗೇ ಆಗಿತ್ತಂತೆ’ ಎನ್ನುತ್ತಾರೆ. ಊರ ಮಾತಿನಲ್ಲಿ ಇದು ಬಾಣಂತಿ ಸನ್ನಿ. ಸಾವಿರ ಹೆರಿಗೆಗಳಲ್ಲಿ ಒಂದೆರಡರ ನಂತರ ಕಾಣಿಸಿಕೊಳ್ಳುತ್ತದೆ.

ಈ ಕಾಯಿಲೆಯ ಅಧ್ಯಯನಕ್ಕೂ ನಾವು ಬಂದು ನೆಲೆಸಿದ ಈ ಊರುಗಳಿಗೂ ಹಳೆಯ ನಂಟಿದೆ. ಹೆರಿಗೆಯ ಆಸುಪಾಸಿನ ಮನೋರೋಗಗಳಿಗೆಂದೇ ಮೀಸಲಾದ ಮಾರ್ಸೆ ಸೊಸೈಟಿ 1980ರಲ್ಲಿ ಹುಟ್ಟಿದ್ದು ಮ್ಯಾಂಚೆಸ್ಟರಿನಲ್ಲಿ. ಬರ್ಮಿಂಗ್‌ಹ್ಯಾಮಿನ ಇಯಾನ್ ಜೋನ್ಸ್ ಮತ್ತು ನಿಕ್ ಕ್ರ್ಯಾಡಕ್, ಬೈಪೋಲಾರ್ ಕಾಯಿಲೆಯಿದ್ದ ತಾಯಂದಿರ ಮನೆತನಗಳನ್ನು ವಿಚಾರಿಸಿ 2001ರಲ್ಲಿ ವರದಿ ಮಾಡಿದರು. ಹತ್ತಿರದ ರಕ್ತಸಂಬಂಧಿಗೆ ಬಾಣಂತಿ ಸನ್ನಿ ಆಗಿದ್ದವರಲ್ಲಿ ನೂರಕ್ಕೆ 74 ಮಂದಿಗೆ ಅದು ಬಂದಿತ್ತು. ಉಳಿದವರಲ್ಲಿ 30 ಮಂದಿಗೆ.

ವಂಶದ ಪಾತ್ರವಿದೆ, ನಿಜ. ಆದರೆ ಯಾರ ವಂಶ? ಬೈಪೋಲಾರ್ ಕಾಯಿಲೆ ಗಂಡಸರಲ್ಲೂ ಹೆಂಗಸರಲ್ಲೂ ಹೆಚ್ಚುಕಡಿಮೆ ಸಮವಾಗಿದೆ. ಹೆರಿಗೆ ಮಾತ್ರ ಹೆಂಗಸಿನದು. ಅಂಥ ಜೀನುಗಳನ್ನು ಹೊತ್ತ ಗಂಡಸು ಹೆರುವುದಿಲ್ಲ. ಹಾಗಾಗಿ ಈ ರೂಪದಲ್ಲಿ ಅದು ಅವನಲ್ಲಿ ಎಂದೂ ಬಯಲಾಗುವುದಿಲ್ಲ. ಆದರೂ ಮಗಳಿಗೆ ದಾಟಿಸಬಲ್ಲ. ಕಾಣಿಸಿದ್ದು ಹೆಣ್ಣಿನಲ್ಲಿ ಎಂದ ಮಾತ್ರಕ್ಕೆ ಬಂದದ್ದೂ ಹೆಣ್ಣಿನಿಂದಲೇ ಎನ್ನಲಾಗದು. ಸೀರೆಗೆ ಹಾಸು ಎಷ್ಟು ಬೇಕೋ ಹೊಕ್ಕೂ ಅಷ್ಟೇ ಬೇಕು.

ಹಾಗಾದರೆ ಮನೆತನದ ಕಾಯಿಲೆಯನ್ನು ಹೇಳಬೇಕೇ, ಮುಚ್ಚಿಡಬೇಕೇ? ಸಂಬಂಧ ತಪ್ಪೀತೆಂದು ಬಾಯಿ ಬಿಗಿಹಿಡಿದವರನ್ನು ನಾನು ದೂರಲಾರೆ. ಹೆಣ್ಣು ನೋಡಲು ಹೋದವರು ಇಂಥ ಸುದ್ದಿಯನ್ನು ಏನು ಮಾಡುತ್ತಾರೆಂದು ನಮಗೆಲ್ಲ ಗೊತ್ತು. ಆದರೆ ಆ ಮೌನದ ಬೆಲೆ ತೆರುವವಳು ಬಾಣಂತಿ, ಕೆಲವೊಮ್ಮೆ ಅವಳ ಕೂಸು. ಇಲ್ಲಿ ಬಸುರಿಯನ್ನು ಮೊದಲ ಸಲ ನೋಡುವಾಗಲೇ ಮಿಡ್‌ವೈಫ್ ಮನೆಯವರ ಮನೋರೋಗದ ಬಗ್ಗೆ ಕೇಳುತ್ತಾರೆ. ‘ಏನೂ ಇಲ್ಲ’ ಎಂದುಬಿಟ್ಟರೆ, ಹೆರಿಗೆಗೆ ಮೊದಲೇ ಆಗಬೇಕಾದ ಸಿದ್ಧತೆ ತಪ್ಪಿಹೋಗುತ್ತದೆ. ಬೇಗ ಗುರುತಿಸಿ ಚಿಕಿತ್ಸೆ ಕೊಟ್ಟರೆ ಹೆಚ್ಚಿನವರು ಪೂರ್ಣ ಗುಣವಾಗುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ 2009ರಿಂದ ತಾಯಿ-ಮಗುವನ್ನು ಅಗಲಿಸದೆ ಚಿಕಿತ್ಸೆ ಕೊಡುವ ವಿಭಾಗವಿದೆ.

ಮದುವೆಯ ಮಾತುಕತೆಯಲ್ಲಿ ಈ ಪ್ರಶ್ನೆ ಕೇಳುವ ಹಕ್ಕು ಬೀಗರಿಗಿಲ್ಲ ಎಂದೇ ನನ್ನ ನಿಲುವು. ಅಲ್ಲಿ ಅದು ಜರಡಿ ಹಿಡಿಯುವ ಕೆಲಸಕ್ಕೆ ಮಾತ್ರ ಬರುತ್ತದೆ. ಆದರೆ ಬಸುರಿ ಮಗಳಿಗೆ ತಿಳಿಯುವ ಹಕ್ಕಿದೆ. ‘ನಮ್ಮಮ್ಮನಿಗೆ ಹೀಗಾಗಿತ್ತು, ನಮ್ಮಕ್ಕನಿಗೂ ಆಗಿತ್ತು’ ಎಂದು ಅವಳಿಗೆ ಹೇಳಬೇಕಾದವರಲ್ಲಿ ಅಪ್ಪನೂ ಒಬ್ಬ.